ಹಳೇ ಟೈರು, ರಿಯಾಯಿತಿ ಟೈರು, ಹೊಸ ಟೈರು: ಮೂರನ್ನೂ ಒಂದೇ ಕಾರಿಗೆ ಹಾಕಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಮೂರನೇ ಸೆಟ್ಟು. ಹಾಕಿಸುವಾಗ ತಯಾರಾಗಿ ನಾಲ್ಕು ತಿಂಗಳೂ ಆಗಿರದ ಸಾಧಾರಣ ಸ್ಪೋರ್ಟ್ಸ್ ಟೈರು. ಅಲ್ಲಿಗೆ ಬರುವಷ್ಟರಲ್ಲಿ ಎರಡು ಸೆಟ್ಟಿನ ಜೊತೆ ಒದ್ದಾಡಿದ್ದೆ, ದುಡ್ಡೂ ಕಳೆದುಕೊಂಡಿದ್ದೆ.

ನನ್ನದು ಎರಡು ಸೀಟಿನ, ರಿಯರ್ ವೀಲ್ ಡ್ರೈವ್ ಕಾರು, ಅಂದರೆ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ವಾರವೆಲ್ಲ ಕವರ್ ಹೊದ್ದು ಮಲಗಿರುತ್ತದೆ. ಭಾನುವಾರ ಬೆಳಿಗ್ಗೆ ಒಂದು ಸುತ್ತು, ಅಷ್ಟೇ. ವರ್ಷಕ್ಕೆ 2,500 ಕಿ.ಮೀ. ಆದರೆ ಅದೇ ಜಾಸ್ತಿ. ಹೀಗೆ ಓಡುವ ಕಾರಿನಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ.

ಮೊದಲನೇ ಸೆಟ್ಟು ಕಾರಿನ ಜೊತೆಗೇ ಬಂದದ್ದು. ಪಕ್ಕದಲ್ಲಿ 3114 ಎಂದು ಅಚ್ಚಾಗಿತ್ತು. ಅಂದರೆ 2014ರ 31ನೇ ವಾರ, ಜುಲೈ ಕೊನೆ. 2023ರವರೆಗೂ ಅದರಲ್ಲೇ ಓಡಾಡಿದೆ. ಟ್ರೆಡ್, ಅಂದರೆ ನೆಲಕ್ಕೆ ತಾಗುವ ಭಾಗದ ಗೀರುಗಳ ಆಳ ಅಳೆದರೆ ಇನ್ನೂ 6 ಮಿ.ಮೀ. ಹೊಸದರಲ್ಲೇ 8 ಇರುತ್ತದೆ, ಎಷ್ಟೋ ದೇಶಗಳ ಕಾನೂನು 1.6ರವರೆಗೂ ಬಿಡುತ್ತದೆ. ನೋಡಿದವರೆಲ್ಲ "ಹೊಸದಿದ್ದ ಹಾಗೇ ಇದೆಯಲ್ಲ" ಅನ್ನುತ್ತಿದ್ದರು. ನಾನೂ ನಂಬಿದ್ದೆ.

ಒಂದು ದಿನ ಆಗಷ್ಟೇ ಮಳೆ ನಿಂತಿತ್ತು. ದಿನಾ ಹೋಗುವ ತಿರುವು, ಎರಡನೇ ಗೇರು, ಅವಸರವೇನೂ ಇರಲಿಲ್ಲ. ಆಕ್ಸಿಲರೇಟರ್ ಮೇಲೆ ಕಾಲಿಟ್ಟೆ, ಒತ್ತಲೂ ಇಲ್ಲ. ಕಾರಿನ ಹಿಂಭಾಗ ಸದ್ದಿಲ್ಲದೆ ಪಕ್ಕಕ್ಕೆ ಜಾರಿತು. ರಸ್ತೆ ಖಾಲಿ ಇತ್ತು, ಬಚಾವಾದೆ. ಮನೆಗೆ ಬಂದು ಟ್ರೆಡ್ಡಿಗೆ ಉಗುರು ಒತ್ತಿ ನೋಡಿದರೆ ಇಳಿಯಲೇ ಇಲ್ಲ, ಚಪ್ಪಲಿಯ ಹಳೇ ಹಿಮ್ಮಡಿ ಇದ್ದ ಹಾಗಿತ್ತು. ಕೈಯಲ್ಲಿ ಹಿಡಿದು ರಬ್ಬರಿನ ಗಟ್ಟಿತನ ಅಳೆಯುವ ಡ್ಯೂರೋಮೀಟರ್ ತಂದು ಒತ್ತಿದೆ, 81 ತೋರಿಸಿತು. ಮೂರನೇ ಸೆಟ್ಟು ಹೊಸದರಲ್ಲಿ ತೋರಿಸಿದ್ದು 67.

ಆಗುವುದಿಷ್ಟೇ. ರಬ್ಬರನ್ನು ಮೆತ್ತಗಿಡುವ ಎಣ್ಣೆ ನಿಧಾನಕ್ಕೆ ಆರುತ್ತದೆ. ಆಮ್ಲಜನಕ ಹೊರಗಿನಿಂದಲೂ ತಿನ್ನುತ್ತದೆ, ಟೈರಿನೊಳಗೆ ತುಂಬಿದ ಗಾಳಿಯಿಂದಲೂ ತಿನ್ನುತ್ತದೆ. ಬಿಸಿಲು, ಸೆಕೆ ಇದ್ದರೆ ಇನ್ನೂ ಬೇಗ. ಇದನ್ನು ತಡೆಯಲೆಂದೇ ರಬ್ಬರಿನಲ್ಲಿ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ. ಆದರೆ ಟೈರು ಉರುಳಿ, ಬಾಗಿ, ಬಳುಕಿದರೆ ತಾನೇ ಅದು ಮೇಲಕ್ಕೆ ಚೆನ್ನಾಗಿ ಬರುವುದು? ನಿಂತೇ ಇರುವ ಕಾರಿಗೆ ಆ ಭಾಗ್ಯವೂ ಇಲ್ಲ. ನಾನು ಜೋಪಾನ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ!

2013ರಲ್ಲಿ ನಟ ಪಾಲ್ ವಾಕರ್ ತೀರಿಕೊಂಡ ಅಪಘಾತದಲ್ಲಿ ಆ ಪೋರ್ಶೆ ಕ್ಯಾರೆರಾ ಜಿಟಿಯ ಟೈರುಗಳಿಗೂ 9 ವರ್ಷವಾಗಿತ್ತು. ತನಿಖೆಯಲ್ಲಿ ಮುಖ್ಯ ಕಾರಣ ಅತಿವೇಗ ಅಂತಲೇ ಬಂತು, ಟೈರಿನ ವಯಸ್ಸನ್ನೂ ಬರೆದಿದ್ದರು. ನನ್ನವಕ್ಕೂ ಅಷ್ಟೇ ವಯಸ್ಸು. ಮಾರನೇ ದಿನವೇ ಬಿಚ್ಚಿಸಿದೆ.

ಎರಡನೇ ಸೆಟ್ಟಿಗೆ ನಾನೇ ಒಂದು ಲೆಕ್ಕ ಹಾಕಿದೆ. ಆರು ವರ್ಷಕ್ಕೆ 15,000 ಕಿ.ಮೀ. ಓಡಿಸುವವನಿಗೆ ಬಾಳಿಕೆ ಯಾಕೆ? ರೇಸ್ ಟ್ರ್ಯಾಕಿಗೂ ಆಗುವ ಮೆತ್ತನೆ ಸೆಮಿ ಸ್ಲಿಕ್ ಹಾಕಿದರಾಯಿತು, ಅಲ್ವಾ? ಟ್ರೆಡ್‌ವೇರ್ 200ರದ್ದು (ಟೈರಿನ ಬಾಳಿಕೆ ಸೂಚಿಸುವ ಅಂಕಿ, ಕಡಿಮೆಯಾದಷ್ಟೂ ಬೇಗ ಸವೆಯುತ್ತದೆ) ಒಂದು ಅಂಗಡಿಯಲ್ಲಿ ಭಾರೀ ರಿಯಾಯಿತಿಗೆ ಸಿಕ್ಕಿತು. ತಾರೀಕು ನೋಡದೆ ಕೊಳ್ಳಬಾರದು ಅನ್ನುವ ಬುದ್ಧಿ ಅಷ್ಟರಲ್ಲಿ ಬಂದಿತ್ತು. ಕಾರಿಗೆ ಹಾಕಿ ಮುಗಿಸಿದ ಮೇಲೆ ಬಗ್ಗಿ ನೋಡಿದೆ. ಎಡಗಡೆ ಮುಂದಿನದು 1022, ಹಿಂದಿನದೂ 1022. ಒಂದೂವರೆ ವರ್ಷ, ಪರವಾಗಿಲ್ಲ ಅಂದುಕೊಂಡು ದುಡ್ಡು ಕೊಟ್ಟು ಬಂದೆ.

ಒಂದು ವಾರದಲ್ಲೇ ಕಿರಿಕಿರಿ ಶುರುವಾಯಿತು. ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಕಾರಿನ ಮೂಗು ಎಡಕ್ಕೆ ಎಳೆಯುತ್ತಿತ್ತು. ಅಲೈನ್‌ಮೆಂಟ್ ಮಾಡಿಸಿದೆ. ಸರಿಹೋಗಲಿಲ್ಲ. ಬೇರೆ ಕಡೆ ಇನ್ನೊಮ್ಮೆ ಮಾಡಿಸಿದೆ. ಬ್ರೇಕಿನ ಕ್ಯಾಲಿಪರ್ ಬಿಚ್ಚಿ ಗ್ರೀಸ್ ಹಚ್ಚಿಸಿದೆ. ಗಾಳಿ ಹತ್ತು ಸಲ ನೋಡಿದೆ. ಎಲ್ಲ ಸರಿಯಿದೆ, ಕಾರು ಮಾತ್ರ ಎಡಕ್ಕೇ ಹೋಗುತ್ತಿದೆ.

ಕೊನೆಗೆ ಸುಮ್ನೆ ಅನುಮಾನಕ್ಕೆ ಡ್ಯೂರೋಮೀಟರ್ ಒತ್ತಿದೆ. ಎಡಗಡೆ 64, ಬಲಗಡೆ 72! ಬಲಗಡೆಯ ತಾರೀಕು ಹುಡುಕಿದರೆ ಕಾಣಿಸಲೇ ಇಲ್ಲ. ಅರ್ಧಂಬರ್ಧ ಅಕ್ಷರಗಳಿದ್ದವು, ಕೊನೆಯ ನಾಲ್ಕು ಅಂಕಿ ಇರಲಿಲ್ಲ. ವಿಷಯ ಇಷ್ಟು: ಪೂರ್ತಿ ಕೋಡು ಟೈರಿನ ಒಂದೇ ಪಕ್ಕದಲ್ಲಿ ಇರಬಹುದು. ಇವು ಬಾಣದ ಗುರುತಿನ, ಒಂದೇ ದಿಕ್ಕಿಗೆ ತಿರುಗಬೇಕಾದ ಟೈರುಗಳು. ಎಡಕ್ಕೆ ಹಾಕಿದಾಗ ಕೋಡು ಹೊರಗೆ ಬಂದರೆ, ಬಲಕ್ಕೆ ಹಾಕಿದಾಗ ಅದೇ ಕೋಡು ಕಾರಿನ ಅಡಿಗೆ ತಿರುಗುತ್ತದೆ. ನೆಲದ ಮೇಲೆ ಮಲಗಿ, ಚಕ್ರದ ಹಿಂದೆ ಮೊಬೈಲು ತೂರಿಸಿ, ಫ್ಲ್ಯಾಶ್ ಹಾಕಿ ಫೋಟೋ ತೆಗೆದೆ. ಮೊದಲ ಮೂರರಲ್ಲಿ ನನ್ನ ಹೆಬ್ಬೆರಳೇ ಬಂತು. ನಾಲ್ಕನೆಯದರಲ್ಲಿ ಸಿಕ್ಕಿತು: 4618. 2018ರ ನವೆಂಬರ್. ಒಂದೇ ಕಾರಿನಲ್ಲಿ ಎಡಗಡೆ ಒಂದೂವರೆ ವರ್ಷದ ರಬ್ಬರು, ಬಲಗಡೆ ಐದು ವರ್ಷದ್ದು. ಬ್ರೇಕ್ ಒತ್ತಿದಾಗ ಮೆತ್ತಗಿದ್ದ ಎಡಗಡೆಯದೇ ಹೆಚ್ಚು ಹಿಡಿದು ಮೂಗನ್ನು ಆ ಕಡೆಗೆ ಎಳೆಯುತ್ತಿತ್ತು.

ಅಂಗಡಿಯವರನ್ನು ಕೇಳಿದರೆ "ಗೋಡೌನಿನಲ್ಲಿ ಇದ್ದದ್ದು ಸಾರ್, ಓಡಿಲ್ಲ, ಹೊಸದೇ ಲೆಕ್ಕ" ಅಂದರು. ಅರ್ಧ ನಿಜ. ತಂಪಾದ, ಕತ್ತಲೆಯ ಜಾಗದಲ್ಲಿ, ರಿಮ್ಮಿಗೆ ಹಾಕದೆ ಇಟ್ಟ ಟೈರು ಬಿಸಿಲಲ್ಲಿ ನಿಂತ ಟೈರಿಗಿಂತ ನಿಧಾನವಾಗಿ ಹಳತಾಗುತ್ತದೆ. ನಾಲ್ಕೂ ಒಂದೇ ತಾರೀಕಿನವಾಗಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲವೇನೋ. ವಾಪಸ್ ಮಾತ್ರ ತೆಗೆದುಕೊಳ್ಳಲಿಲ್ಲ.

ಇನ್ನು ನನ್ನ ಲೆಕ್ಕವೂ ತಪ್ಪಿತ್ತು. ಸೆಮಿ ಸ್ಲಿಕ್ ಬಿಸಿಯಾದ ಮೇಲೆಯೇ ಸರಿಯಾಗಿ ಹಿಡಿಯುವುದು. ನನ್ನ ಭಾನುವಾರದ ಸುತ್ತಿನಲ್ಲಿ ಅದು ಬಿಸಿಯಾಗುವ ಹೊತ್ತಿಗೆ ನಾನು ಮನೆ ಗೇಟಿನ ಹತ್ತಿರ ಇರುತ್ತಿದ್ದೆ.

ಮೂರನೆಯದು ಹೆಸರಿಗೆ ಸಪ್ಪೆ. ಟ್ರೆಡ್‌ವೇರ್ 300, ತಾರೀಕು 0924, ನಾಲ್ಕಕ್ಕೂ ಅದೇ. ರಿಮ್ಮಿಗೆ ಹಾಕುವ ಮೊದಲೇ ನೆಲಕ್ಕೆ ಒರಗಿಸಿ ಎರಡೂ ಪಕ್ಕ ನೋಡಿದೆ. ಹುಡುಗ ನನ್ನನ್ನೇ ವಿಚಿತ್ರವಾಗಿ ನೋಡಿದ, ನೋಡಲಿ. ರಬ್ಬರ್ ವಾಲ್ವನ್ನೂ ಬದಲಿಸಿದೆ, ಅದೂ ರಬ್ಬರೇ. ಗೇಟು ದಾಟಿದ ಕೂಡಲೇ ಹಿಡಿತ ಸಿಗುತ್ತದೆ. ವಾರವಿಡೀ ನಿಂತು ಅಡಿ ಚಪ್ಪಟೆಯಾಗಿ ಬರುವ ನಡುಕ ಹತ್ತು ನಿಮಿಷಕ್ಕೆ ಹೋಗುತ್ತದೆ. ಅದೇ ಒದ್ದೆ ತಿರುವಿನಲ್ಲಿ ಏನೂ ಆಗಲಿಲ್ಲ. ಬಿಸಿ ಒಣ ರಸ್ತೆಯಲ್ಲಿ ಮಾತ್ರ ಸೆಮಿ ಸ್ಲಿಕ್‌ನಷ್ಟು ಕಚ್ಚಿ ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುವವರಾದರೆ ಅದನ್ನೇ ತೆಗೆದುಕೊಳ್ಳಿ, ಅವರ ಕೈಯಲ್ಲಿ ಅದು ಹಳತಾಗುವಷ್ಟು ದಿನ ಉಳಿಯುವುದೂ ಇಲ್ಲ.

ನಾನು ಇದನ್ನು 2030ಕ್ಕೆ ಬಿಚ್ಚಿಸುತ್ತೇನೆ, ಟ್ರೆಡ್ ಎಷ್ಟೇ ಉಳಿದಿರಲಿ. ಎಷ್ಟೋ ಕಾರು ಕಂಪನಿಗಳು ಹೇಳುವುದು ಆರೇ ವರ್ಷ. ಕೆಲವು ಟೈರು ಕಂಪನಿಗಳು ಐದು ವರ್ಷದ ಮೇಲೆ ಪ್ರತಿ ವರ್ಷ ತೋರಿಸಿ, ಹತ್ತಕ್ಕೆ ಏನಿದ್ದರೂ ತೆಗೆಯಿರಿ ಅನ್ನುತ್ತವೆ. ಸಂಸಾರಿಯ ಜೇಬಿಗೆ ಹತ್ತೇ ಹಿತ, ಆದರೆ ಆ ತಿರುವು ನೆನಪಾಗುತ್ತದೆ.

ಅಂದಹಾಗೆ ಮೊನ್ನೆ ಡಿಕ್ಕಿ ಗುಡಿಸುವಾಗ ಸ್ಟೆಪ್ನಿ ನೋಡಿದೆ. 2914. ಇವತ್ತಿನವರೆಗೂ ಒಮ್ಮೆಯೂ ನೆಲ ಮುಟ್ಟಿಲ್ಲ. ಆ ಅಳತೆಯದು ಹುಡುಕುತ್ತಿದ್ದೇನೆ.