ತಿರುಗಿಸುವ ಒಗಟುಗಳಿಗೆ ಮನೆಯ ಪ್ರಿಂಟರ್: ಎಂಟು ತಿಂಗಳ ಬಳಕೆಯ ನಂತರ

ಎರ್ನೋ ರೂಬಿಕ್ 1974ರಲ್ಲಿ ತಮ್ಮ ಮೊದಲ ಘನವನ್ನು, ಅಂದರೆ ಮುಖಗಳನ್ನು ತಿರುಗಿಸಿ ಬಣ್ಣ ಹೊಂದಿಸುವ ರೂಬಿಕ್ಸ್ ಕ್ಯೂಬನ್ನು, ಮರದಲ್ಲಿ ರೂಪಿಸಿದರು. ಅಂಥ ಒಗಟುಗಳನ್ನು ಸ್ವಂತ ವಿನ್ಯಾಸದಲ್ಲಿ ತಯಾರಿಸಲೆಂದೇ ನಾನು ಈ ಮನೆಬಳಕೆಯ ತ್ರೀಡಿ ಪ್ರಿಂಟರನ್ನು ಕೊಂಡೆ. ಕರಗಿದ ಪ್ಲಾಸ್ಟಿಕ್ ಹೊರಬರುವ 0.4 ಮಿಲಿಮೀಟರ್ ಮೂತಿ, ಅಂದರೆ ನಾಜಲ್‌ನಿಂದ ಇದು ಪಿಎಲ್‌ಎ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಹಾಕುವ ಅಚ್ಚುಕಟ್ಟುತನ ನಿಜಕ್ಕೂ ಮೆಚ್ಚುವಂಥದ್ದು.

ಆದರೆ ತಳದ ಮೊದಲ ಪದರ ಸ್ವಲ್ಪ ಹೊರಗೆ ಹರಡಿಕೊಳ್ಳುತ್ತದೆ. ಸ್ಕ್ಯೂಬ್ ಎಂಬ ಘನಾಕಾರದ ಒಗಟಿನಂತೆ, ಎದುರುಬದುರು ಮೂಲೆಗಳನ್ನು ಸೇರಿಸುವ ನಾಲ್ಕು ಕರ್ಣಗಳ ಸುತ್ತ ತಿರುಗುವ ನನ್ನ ಒಗಟಿನಲ್ಲಿ ಕೂದಲೆಳೆಯಷ್ಟು ತೆಳುವಾದ ಆ ಅಂಚೇ ಪಕ್ಕದ ತುಂಡಿಗೆ ತಗುಲಿ, ಅರ್ಧ ತಿರುವಿನಲ್ಲಿ ಎಲ್ಲವೂ ಸಿಕ್ಕಿಕೊಂಡಿತು. ವಿನ್ಯಾಸದಲ್ಲೇ ತಳದಂಚನ್ನು ಓರೆಯಾಗಿ ಕತ್ತರಿಸಿ, ತುಂಡುಗಳ ನಡುವೆ 0.2 ಮಿಲಿಮೀಟರ್ ಅಂತರ ಬಿಟ್ಟು, ಉಳಿದ ಒರಟನ್ನು ಉಪ್ಪುಕಾಗದದಿಂದ ಉಜ್ಜಿದ ಮೇಲೆ ಅದು ಬೆರಳ ತುದಿಯ ಒತ್ತಡಕ್ಕೇ ಜಾರತೊಡಗಿತು; ಆ ಕ್ಷಣದ ಸಂತೋಷ ಇನ್ನೂ ಮಾಸಿಲ್ಲ.

ನಿಲ್ಲಿಸಿ ಮುದ್ರಿಸಿದ ತುಂಡುಗಳ ಕತ್ತಿನಂಥ ತೆಳು ಭಾಗ ಪದರಗಳ ನಡುವೆಯೇ ಮುರಿಯುತ್ತದೆಯಾದ್ದರಿಂದ ಅವುಗಳನ್ನು ಮಲಗಿಸಿಯೇ ಮುದ್ರಿಸಬೇಕು. ಸ್ಕ್ರೂ, ಸ್ಪ್ರಿಂಗ್‌ಗಳನ್ನು ಹೇಗೂ ಹೊರಗಿನಿಂದ ತರಬೇಕು. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುವುದರಿಂದ ಮುಗಿದ ಒಗಟನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು.

ಒಂದೇ ತುಂಡನ್ನು ಹತ್ತು ಬಾರಿ ತಿದ್ದುವ ತಾಳ್ಮೆಯಿರುವವರು ಈ ಪ್ರಿಂಟರನ್ನು ಧೈರ್ಯವಾಗಿ ಕೊಳ್ಳಬಹುದು.