ಜೋಗದ ಸುದ್ದಿಗೆ ಫೋಟೊ ಎಲ್ಲಿಂದ?

ಶಿವಮೊಗ್ಗದಲ್ಲಿ ಪುಟ್ಟ ಸುದ್ದಿತಾಣ ನಡೆಸುತ್ತೀರಾ? ಗೂಗಲ್‌ನಲ್ಲಿ ಕಂಡಿದ್ದನ್ನು ಎತ್ತಿ ಹಾಕುವುದನ್ನು ಮೊದಲು ಬಿಡಿ.

ಮುಕ್ತ ಬಳಕೆಯ ಚಿತ್ರಗಳ ಸಂಗ್ರಹತಾಣ ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಜೋಗದ ಚಿತ್ರಗಳು ಬೇಕಾದಷ್ಟಿವೆ, ದುಡ್ಡೂ ಇಲ್ಲ. ಹಾಗಂತ ಸುಮ್ನೆ ಹಾಕುವಂತಿಲ್ಲ. 'ಸಿಸಿ ಬಿವೈ-ಎಸ್‌ಎ 4.0' ಎಂಬ ಲೈಸೆನ್ಸ್ (ಷರತ್ತಿನ ಮೇಲೆ ಬಳಸಲು ಕೊಟ್ಟ ಅನುಮತಿ) ಇದ್ದರೆ ಫೋಟೊ ತೆಗೆದವರ ಹೆಸರು, ಲೈಸೆನ್ಸ್ ಹೆಸರು, ಅದರ ಲಿಂಕ್ ಕೊಡಬೇಕು. ಚಿತ್ರ ಬದಲಿಸಿದ್ದರೆ ಅದನ್ನೂ ಹೇಳಬೇಕು. ದಿನಾಂಕವನ್ನೂ ನೋಡಿ. ಹಳೆಯ ಮಳೆಗಾಲದ ಜೋಗವನ್ನು ಇವತ್ತಿನದು ಅಂತ ತೋರಿಸಿದರೆ ಲೈಸೆನ್ಸ್ ಸರಿಯಿದ್ದರೂ ಸುದ್ದಿ ಸುಳ್ಳೇ ಅಲ್ವಾ?

ಉಚಿತ ಫೋಟೊಗಳ ಇನ್ನೊಂದು ತಾಣ ಅನ್‌ಸ್ಪ್ಲ್ಯಾಶ್‌ನಲ್ಲಿ ತೆಗೆದವರ ಹೆಸರು ಹಾಕುವುದು ಕಡ್ಡಾಯವಲ್ಲ. ಆದರೆ ಅಡಿಕೆ ಧಾರಣೆಯ ಸುದ್ದಿಗೆ ಯಾವುದೋ ಊರಿನ ತೋಟ ಸಿಕ್ಕೀತು.

ಆಗುಂಬೆ ಘಾಟಿಯಲ್ಲಿ ಬೆಳಗ್ಗೆ ಗುಡ್ಡ ಕುಸಿದಿದ್ದರೆ ಎರಡರಿಂದಲೂ ಪ್ರಯೋಜನವಿಲ್ಲ. ಅಲ್ಲಿನ ಫೋಟೊಗ್ರಾಫರೇ ಬೇಕು. ಖರ್ಚು ಜಾಸ್ತಿ, ಆದರೂ ನನ್ನ ಮತ ಇದಕ್ಕೇ. ಒಂದೇ ಸುದ್ದಿಗೋ, ಮುಂದೆಯೂ ಬಳಸಬಹುದೋ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.