ದುಡ್ಡು ಕೇಳುವುದಿಲ್ಲ, ಆದರೆ ಕಾಯಿಸುತ್ತದೆ: ಎನ್‌ಎಚ್‌ಎಸ್ ಜೊತೆ ನನ್ನ 13 ವರ್ಷ

ನಾವು ಇಂಗ್ಲೆಂಡಿಗೆ ಬಂದಿದ್ದು 2012ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯ ಜ್ವರ, ಹೆರಿಗೆ, ಆಪರೇಷನ್ ಎಲ್ಲವೂ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲೇ, ಅಂದರೆ ಎನ್‌ಎಚ್‌ಎಸ್‌ನಲ್ಲೇ ಆಗಿವೆ. ಸರ್ಕಾರ ನಡೆಸುವ ಆಸ್ಪತ್ರೆ ನಂಬಬಹುದಾ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು 2017ರ ಒಂದು ರಾತ್ರಿ.

ನಮ್ಮ ಯಜಮಾನರಿಗೆ ಹೊಟ್ಟೆನೋವು ಶುರುವಾಯಿತು. ಸಹಾಯವಾಣಿ 111ಕ್ಕೆ ಫೋನ್ ಮಾಡಿದೆ. ಆ ಕಡೆಯವರು ಹತ್ತಾರು ಪ್ರಶ್ನೆ ಕೇಳಿ, ಈಗಲೇ ತುರ್ತು ವಿಭಾಗಕ್ಕೆ ಹೋಗಿ ಅಂದರು. ಅಪೆಂಡಿಕ್ಸ್ ಒಡೆದಿತ್ತು. ಬೆಳಗಾಗುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಐದನೇ ದಿನ ಡಿಸ್ಚಾರ್ಜ್ ಅಂದಾಗ ನಾನು ಬ್ಯಾಂಕ್ ಕಾರ್ಡ್ ಕೈಯಲ್ಲಿ ಹಿಡಿದು ಕೌಂಟರ್ ಹುಡುಕುತ್ತಿದ್ದೆ. ನರ್ಸ್ ಒಬ್ಬರು ಮಾತ್ರೆಗಳ ಪೇಪರ್ ಚೀಲ ಕೊಟ್ಟು, ಯಾವುದು ಯಾವ ಹೊತ್ತಿಗೆ ಅಂತ ಎರಡು ಸಲ ಹೇಳಿ, "ಆಯ್ತು, ಹೊರಡಿ" ಅಂದರು. ದುಡ್ಡು ಎಲ್ಲಿ ಕಟ್ಟಬೇಕು ಅಂತ ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಆ ಐದು ದಿನ ನಮ್ಮ ಕೈಯಿಂದ ಹೋಗಿದ್ದು ಕಾರ್ ಪಾರ್ಕಿಂಗ್ ದುಡ್ಡು ಮಾತ್ರ.

ಇದನ್ನು ಪುಕ್ಕಟೆ ಅನ್ನಬೇಡಿ. ಸಂಬಳದಲ್ಲಿ ತೆರಿಗೆ ಹೋಗುತ್ತದೆ. ವೀಸಾದ ಮೇಲೆ ಬಂದವರು ಆರೋಗ್ಯ ಸರ್‌ಚಾರ್ಜ್ ಬೇರೆ ಕಟ್ಟಬೇಕು. 2015ರಲ್ಲಿ ಅದು ಶುರುವಾದಾಗ ವರ್ಷಕ್ಕೆ 200 ಪೌಂಡ್ ಇತ್ತು. 2024ರ ಫೆಬ್ರವರಿಯಿಂದ ದೊಡ್ಡವರಿಗೆ ತಲೆಗೆ 1,035 ಪೌಂಡ್. ವೀಸಾ ಎಷ್ಟು ವರ್ಷದ್ದೋ ಅಷ್ಟೂ ವರ್ಷದ್ದನ್ನು ಮೊದಲೇ ಕಟ್ಟಬೇಕು. ತೆರಿಗೆಯನ್ನೂ ಕಟ್ಟುವವರ ಹತ್ತಿರ ಹೀಗೆ ಎರಡನೇ ಸಲ ವಸೂಲಿ ಮಾಡುವುದು ಅನ್ಯಾಯ ಅಂತಲೇ ನನಗೆ ಅನಿಸುತ್ತದೆ. ಇನ್ನು ಔಷಧಿ. ಡಾಕ್ಟರ್ ಚೀಟಿಯ ಒಂದೊಂದು ಔಷಧಿಗೂ ಇಂಗ್ಲೆಂಡಿನಲ್ಲಿ 9.90 ಪೌಂಡ್, ಅದರ ನಿಜವಾದ ಬೆಲೆ ಎಷ್ಟೇ ಇರಲಿ. ಮಕ್ಕಳಿಗೆ, ಗರ್ಭಿಣಿಯರಿಗೆ, 60 ದಾಟಿದವರಿಗೆ ಅದೂ ಇಲ್ಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಯಾರಿಗೂ ಇಲ್ಲ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. 2022ರಲ್ಲಿ ನನ್ನ ಪಿತ್ತಕೋಶದಲ್ಲಿ ಕಲ್ಲು ಇದೆ ಅಂತ ಗೊತ್ತಾಯಿತು. ಇಲ್ಲಿ ನೇರವಾಗಿ ದೊಡ್ಡ ಡಾಕ್ಟರ್ ಹತ್ತಿರ ಹೋಗುವ ಹಾಗಿಲ್ಲ. ಮೊದಲು ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರ್ ನೋಡಿ ಕಳಿಸಬೇಕು. ಅವರ ಅಪಾಯಿಂಟ್‌ಮೆಂಟ್‌ಗೆ ಬೆಳಗ್ಗೆ 8 ಗಂಟೆಗೆ ಸರಿಯಾಗಿ ಫೋನ್ ಹಿಡಿದು ಕೂತಿರಬೇಕು. 8 ಗಂಟೆ 1 ನಿಮಿಷಕ್ಕೆ ಮಾಡಿದರೆ ನಿಮ್ಮ ಮುಂದೆ 20 ಜನ ಇರುತ್ತಾರೆ. ಅಂತೂ ಜಿಪಿ ಕಳಿಸಿದರು. ಆಮೇಲೆ 14 ತಿಂಗಳು ಕಾದೆ.

ಆ ನೋವು ಬರುತ್ತಿದ್ದಿದ್ದು ಜಾಸ್ತಿ ರಾತ್ರಿ ಹೊತ್ತು. ಬಲಪಕ್ಕೆಯ ಕೆಳಗೆ ಹಿಡಿದುಕೊಂಡು ಬೆನ್ನಿಗೆ ಹರಡುತ್ತಿತ್ತು. ಮಗಳಿಗೆ ಎಚ್ಚರವಾಗಬಾರದು ಅಂತ ಬಿಸಿನೀರಿನ ಚೀಲ ಅವುಚಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂರುತ್ತಿದ್ದೆ. ಒಂದು ಸಲ ಆಸ್ಪತ್ರೆಯ ಪತ್ರ ಬಂತು. ಮಂಗಳವಾರ ಬನ್ನಿ ಅಂತ ಇತ್ತು. ಪತ್ರ ಕೈಗೆ ಸಿಕ್ಕಿದ್ದು ಗುರುವಾರ. ಫೋನ್ ಮಾಡಿದರೆ, ನೀವು ಬರಲಿಲ್ಲ ಅಂತ ಹೆಸರು ತೆಗೆದಿದ್ದೇವೆ ಅಂದರು. ಅವತ್ತು ಅತ್ತುಬಿಟ್ಟೆ. ಜಿಪಿ ಮತ್ತೆ ಪತ್ರ ಬರೆದು ಹೆಸರು ಸೇರಿಸಿದರು.

ಇದು ನನ್ನೊಬ್ಬಳ ಕತೆ ಅಲ್ಲ. 18 ವಾರದೊಳಗೆ 100ರಲ್ಲಿ 92 ಜನಕ್ಕೆ ಚಿಕಿತ್ಸೆ ಶುರುವಾಗಬೇಕು ಅನ್ನುವುದು ಇಲ್ಲಿನ ನಿಯಮ. 2016ರಿಂದ ಈಚೆಗೆ ಇಂಗ್ಲೆಂಡಿನಲ್ಲಿ ಅದು ಪಾಲನೆ ಆಗಿಲ್ಲ. ನಾನು ಕಾಯುತ್ತಿದ್ದ 2023ರಲ್ಲಿ ವೇಟಿಂಗ್ ಲಿಸ್ಟ್ ಸುಮಾರು 77 ಲಕ್ಷ ಮುಟ್ಟಿತ್ತು.

ಆಪರೇಷನ್ ಮಾತ್ರ ಚೆನ್ನಾಗಿಯೇ ಆಯಿತು, ಸಂಜೆಗೇ ಮನೆಗೆ ಬಂದೆ. ಪಕ್ಕದ ಹಾಸಿಗೆಯಲ್ಲಿದ್ದ ಹೆಂಗಸು ವೇರ್‌ಹೌಸ್‌ನಲ್ಲಿ ಪೆಟ್ಟಿಗೆ ಎತ್ತುವ ಕೆಲಸದವರು. ನನ್ನದು ಕುರ್ಚಿಯ ಕೆಲಸ, ಹೇಗೋ ತಳ್ಳಿದೆ. ಅವರು ನೋವಿನಲ್ಲಿ ಎತ್ತಲಾಗದೆ ಎಷ್ಟೋ ವಾರದ ಸಂಬಳ ಕಳೆದುಕೊಂಡಿದ್ದರು. ನನ್ನ ಸಹೋದ್ಯೋಗಿಯೊಬ್ಬರು ಇದೇ ತೊಂದರೆಗೆ ಖಾಸಗಿಯಲ್ಲಿ ದುಡ್ಡು ಕೊಟ್ಟು ಮೂರೇ ವಾರದಲ್ಲಿ ಮುಗಿಸಿಕೊಂಡಿದ್ದರು. ಬಡವರು ಶ್ರೀಮಂತರು ಅನ್ನದೆ ನೋಡುವುದಕ್ಕೆ ಹುಟ್ಟಿದ ಸೇವೆಯಲ್ಲಿ ಈಗ ಕಾಯುವುದೇ ಬೆಲೆಯಾಗಿದೆ. ಆ ಬೆಲೆ ಬಡವರಿಗೇ ಜಾಸ್ತಿ ಬೀಳುತ್ತಿದೆ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ.

ಹಾಗಂತ ಸರ್ಕಾರದ ಕೈಯಲ್ಲಿದೆ, ಅದಕ್ಕೇ ಹಾಳಾಯಿತು ಅನ್ನುವ ಮಾತು ನಾನು ಒಪ್ಪುವುದಿಲ್ಲ. 1948ರ ಜುಲೈ 5ರಂದು ಆರೋಗ್ಯ ಸಚಿವ ಅನೈರಿನ್ ಬೆವನ್ ಇದನ್ನು ಶುರು ಮಾಡಿದಾಗಲೂ ಜಿಪಿಗಳು ಸರ್ಕಾರಿ ನೌಕರರಾಗಲಿಲ್ಲ. ಇವತ್ತಿಗೂ ಬಹಳಷ್ಟು ಜಿಪಿ ಕ್ಲಿನಿಕ್‌ಗಳು ಗುತ್ತಿಗೆಯ ಮೇಲೆ ನಡೆಯುವ ಡಾಕ್ಟರ್‌ಗಳ ಸ್ವಂತ ಪಾಲುದಾರಿಕೆಗಳೇ. ದುಡ್ಡಿನ ಜಗಳವೂ ಹಳೆಯದೇ. ಕನ್ನಡಕ ಮತ್ತು ಹಲ್ಲಿನ ಸೆಟ್‌ಗೆ ದುಡ್ಡು ತೆಗೆದುಕೊಳ್ಳುವ ವಿಚಾರ ಬಂದಾಗ, 1951ರಲ್ಲಿ ಬೆವನ್ ಸರ್ಕಾರವನ್ನೇ ಬಿಟ್ಟು ಹೊರಬಂದರು. ಜರ್ಮನಿಯ ಹಾಗೆ ವಿಮೆ ಪದ್ಧತಿ ತನ್ನಿ ಅನ್ನುವವರು ಇಲ್ಲಿ ತುಂಬಾ ಜನ ಇದ್ದಾರೆ. ಆದರೆ ಜನಸಂಖ್ಯೆಗೆ ಹೋಲಿಸಿದರೆ ಜರ್ಮನಿಯಲ್ಲಿ ಆಸ್ಪತ್ರೆ ಹಾಸಿಗೆಗಳು ಇಲ್ಲಿಗಿಂತ ಸುಮಾರು ಮೂರು ಪಟ್ಟು ಇವೆ. ಹಾಸಿಗೆ ಹೆಚ್ಚಿಸದೆ ಸುಮ್ನೆ ದುಡ್ಡು ಕಟ್ಟುವ ಕಿಟಕಿ ಬದಲಾಯಿಸಿದರೆ ಸಾಲು ಕರಗುತ್ತಾ?

ತುರ್ತು ಚಿಕಿತ್ಸೆಗೆ, ಹೆರಿಗೆಗೆ ನನ್ನಿಂದ ಐದಕ್ಕೆ ಐದು. ಕಾಯಬಹುದಾದ ಆಪರೇಷನ್‌ಗೆ ಎರಡು, ಅದೂ ಅಲ್ಲಿ ದುಡಿಯುವವರ ಮುಖ ನೋಡಿ.

ಹೊಸದಾಗಿ ಬಂದವರಿಗೆ ಒಂದೆರಡು ಮಾತು. ಗಂಟಲುನೋವು, ಮಕ್ಕಳ ಕಿವಿನೋವಿನಂಥದ್ದಕ್ಕೆ ಜಿಪಿಗೆ ಕಾಯಬೇಡಿ. 2024ರ ಜನವರಿಯಿಂದ ಇಂಗ್ಲೆಂಡಿನ ಔಷಧಿ ಅಂಗಡಿಯವರೇ ಇಂಥ ಏಳು ತೊಂದರೆಗಳಿಗೆ ನೋಡಿ ಔಷಧಿ ಕೊಡಬಹುದು. ಆಪರೇಷನ್‌ಗೆ ಹೆಸರು ಬರೆಸಿದ್ದರೆ ಅಂಚೆಯ ಪತ್ರವನ್ನೇ ನಂಬಿಕೊಂಡು ಕೂರಬೇಡಿ. ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಫೋನ್ ಮಾಡಿ, ಯಾರಾದರೂ ಬರದಿದ್ದರೆ ನಾನು ಬರುತ್ತೇನೆ ಅಂತ ಹೇಳಿಡಿ. ನನಗೆ ಕೊನೆಗೆ ತಾರೀಕು ಸಿಕ್ಕಿದ್ದೂ ಹಾಗೆಯೇ. ಯಾರೋ ಬರಲ್ಲ ಅಂದರಂತೆ, ನಾಳೆ ಬೆಳಗ್ಗೆ 7 ಗಂಟೆಗೆ ಬರ್ತೀರಾ ಅಂತ ಫೋನ್ ಬಂತು.